ಗುಡ್ಡೆ ಉಳಿಯಬೇಕಾದರೆ ಗ್ರಾಮಸಭೆಗೆ ಹೋಗಿ

ಬೇಡ್ತಿ, ಅಪ್ಪಿಕೋ, ಕುದುರೆಮುಖದ ಪರಿಸರ ಹೋರಾಟಗಳು ಅಂದರೆ ನಮ್ಮ ಕಾಸರಗೋಡಿನ ಕನ್ನಡಿಗರಿಗೆ ಈಗಲೂ ಅಭಿಮಾನ. ಆದರೆ ತೋಟದ ಮೇಲಿನ ಗುಡ್ಡೆಗೆ ಕಲ್ಲು ಕೊಯ್ಯುವ ಮೆಷಿನ್ ಬಂದರೆ ಯಾರೂ ತುಟಿ ಬಿಚ್ಚುವುದಿಲ್ಲ. ಮಲೆನಾಡಿನ ಕಾಡಿಗೆ ಇಲ್ಲಿಂದ ಚಪ್ಪಾಳೆ ತಟ್ಟೋದು ಸುಲಭ, ಅಲ್ವಾ?

ಕರ್ನಾಟಕದ ರೀತಿ ಬೇರೆ. 1983ರಲ್ಲಿ ಶಿರಸಿ ಹತ್ತಿರದ ಸಲ್ಕಣಿಯಲ್ಲಿ ಊರವರೇ ಮರ ಅಪ್ಪಿಕೊಂಡು ನಿಂತರು, ನಿಜ. ಆದರೆ ಆಮೇಲಿನ ಕೆಲವು ದೊಡ್ಡ ಜಗಳಗಳು ಕೋರ್ಟಿನಲ್ಲೇ ತೀರ್ಮಾನವಾದವು. ಕುದುರೆಮುಖದ ಗಣಿ ನಿಲ್ಲಿಸಲು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, ನಿಂತದ್ದು 2005ರ ಕೊನೆಗೆ. ಬಳ್ಳಾರಿಯ ಗಣಿಗಾರಿಕೆ ತಡೆಯಲೂ 2011ರಲ್ಲಿ ಕೋರ್ಟೇ ಬರಬೇಕಾಯಿತು. ದೊಡ್ಡ ಗೆಲುವುಗಳೇ. ಆದರೆ ಒಂದೆಕರೆ ಮುರಕಲ್ಲು (ಜಂಬಿಟ್ಟಿಗೆ) ಕೋರೆಗೆ ಯಾರು ದೆಹಲಿಗೆ ಹೋಗ್ತಾರೆ?

ಕೇರಳದವರು ಬೀದಿಯಿಂದ, ಪಂಚಾಯತಿನಿಂದ ಶುರು ಮಾಡುತ್ತಾರೆ. ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಅಣೆಕಟ್ಟು ಬೇಡ ಎಂಬ ವಿಷಯವನ್ನು ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಊರೂರಿಗೆ ಒಯ್ದರು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡದಲ್ಲಿ ಅಂತರ್ಜಲ ಎಳೆಯುತ್ತಿದ್ದ ಕೋಲಾ ಕಾರ್ಖಾನೆಯ ಲೈಸೆನ್ಸ್ ನವೀಕರಿಸಲು 2003ರಲ್ಲಿ ಒಪ್ಪದೆ ನಿಂತದ್ದು ಪೆರುಮಾಟ್ಟಿ ಎಂಬ ಗ್ರಾಮ ಪಂಚಾಯತು. ಒಂದು ಪಂಚಾಯತು ಅಷ್ಟು ದೊಡ್ಡ ಕಂಪನಿಗೆ ಎದುರು ನಿಲ್ಲಬಹುದು ಅನ್ನೋದು ನನಗೆ ಕೋರ್ಟ್ ತೀರ್ಪಿಗಿಂತ ಜಾಸ್ತಿ ಧೈರ್ಯ ಕೊಡುವ ಸಂಗತಿ.

ಹಾಗಂತ ಇಲ್ಲಿನದು ಚಿನ್ನದಂಥ ವ್ಯವಸ್ಥೆ ಏನಲ್ಲ. ಕೋರೆಯವನು ಪಕ್ಷಕ್ಕೆ ಬೇಕಾದವನಾದರೆ ಕೋರೆ ವಿರುದ್ಧ ಊರವರು ಕಟ್ಟಿದ ಕ್ರಿಯಾ ಸಮಿತಿ ಎರಡು ಹೋಳು. ಮೇಲಾಗಿ, ಪಶ್ಚಿಮ ಘಟ್ಟ ಉಳಿಸುವ ತೀರ್ಮಾನಗಳು ಗ್ರಾಮಸಭೆಯಿಂದ ಬರಲಿ ಎಂದ ಗಾಡ್ಗೀಳ್ ವರದಿಗೂ, ಆಮೇಲಿನ ಕಸ್ತೂರಿರಂಗನ್ ವರದಿಗೂ ಇಡುಕ್ಕಿ, ವಯನಾಡಿನ ಬೀದಿಗಳಲ್ಲೇ ಎಷ್ಟು ಗಲಾಟೆ ಆಯಿತು! ಜನ ಸೇರಿದ ಮಾತ್ರಕ್ಕೆ ಕಾಡಿನ ಪರ ಸೇರುತ್ತಾರೆ ಅಂತೇನಿಲ್ಲ.

ಆದರೂ ನಮ್ಮ ಗುಡ್ಡೆಗಳಿಗೆ ಈ ದಾರಿಯೇ ಸರಿ. ಯಾಕೆಂದರೆ ಇಲ್ಲಿ ಹಾಳಾಗುವುದು ಚೂರುಚೂರಾಗಿ. ಮೊದಲು ಜೆಸಿಬಿ ಮೇಲ್ಮಣ್ಣು ಕೆರೆಯುತ್ತದೆ, ಮಳೆಗಾಲದಲ್ಲಿ ಅಲ್ಲಿ ಅರಳುತ್ತಿದ್ದ ಸಣ್ಣ ಹೂಗಳು ಅಲ್ಲಿಗೆ ಮುಗಿದವು. ಆಮೇಲೆ ದುಂಡು ಬ್ಲೇಡಿನ ಮೆಷಿನ್ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಕಲ್ಲು ಎಬ್ಬಿಸುತ್ತದೆ. ಕೆಂಪು ಧೂಳು ಕಂಗಿನ (ಅಡಿಕೆ ಮರದ) ಸೋಗೆ ಮೇಲೆ ಕೂರುತ್ತದೆ. ಮುರಕಲ್ಲು ಮಳೆನೀರು ಕುಡಿದು, ನಿಧಾನಕ್ಕೆ ಸುರಂಗಕ್ಕೆ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿಗೆ, ಒಸರುವ ಕಲ್ಲು. ಮೇಲಿನ ಕಲ್ಲು ಹೋದರೆ ಕೆಳಗಿನ ತೋಟಕ್ಕೆ ನೀರೆಲ್ಲಿಂದ ಬರಬೇಕು? ಮಣ್ಣಿಗಾಗಿ ಅಗೆದ ಚೆರುವತ್ತೂರಿನ ವೀರಮಲೆ ಗುಡ್ಡೆ 2025ರ ಮಳೆಗೆ ಹೆದ್ದಾರಿಗೇ ಕುಸಿಯಿತು.

ಇದನ್ನೆಲ್ಲ ಹೇಳಬೇಕಾದ ಜಾಗ ಗ್ರಾಮಸಭೆ. ಕೇರಳದ ಕಾನೂನಿನ ಪ್ರಕಾರ ವಾರ್ಡಿಗೊಂದು ಸಭೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ನೂರಕ್ಕೆ ಹತ್ತು ಜನ ಬಂದರೆ ಕೋರಂ. ನಮ್ಮವರು ಬರುತ್ತಾರೆ, ಸಹಿ ಹಾಕುತ್ತಾರೆ, ತೆಂಗಿನ ಸಸಿಯ ಅರ್ಜಿ ಕೊಟ್ಟು ಹೋಗುತ್ತಾರೆ. ಚರ್ಚೆ ಮಲಯಾಳದಲ್ಲಿ ನಡೆಯುತ್ತದಲ್ಲ, ಸುಮ್ನೆ ಯಾಕೆ ಅನ್ನುವ ಸಂಕೋಚ.

ಮಲಯಾಳ ಬಾರದಿದ್ದರೆ ಕನ್ನಡದಲ್ಲೇ ಮಾತಾಡಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು, ಕನ್ನಡದಲ್ಲಿ ನೋಟಿಸ್ ಕೇಳುವುದು ಔದಾರ್ಯ ಬೇಡಿದಂತಲ್ಲ. 2020ರಲ್ಲಿ ಯೋಜನೆಗಳಿಂದ ಪರಿಸರಕ್ಕಾಗುವ ಪರಿಣಾಮ ಅಳೆಯುವ ಕೇಂದ್ರದ ಅಧಿಸೂಚನೆಯ ಕರಡು ಕನ್ನಡದಲ್ಲಿ ಸಿಗಲಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಯನ್ನು ಸ್ವಲ್ಪ ಕಾಲ ತಡೆದಿತ್ತು. ಅಷ್ಟು ದೊಡ್ಡ ಕಾಗದಕ್ಕೇ ಆ ನ್ಯಾಯವಾದರೆ, ನಮ್ಮ ಕೋರೆಯ ಎರಡು ಪುಟದ ನೋಟಿಸಿಗೆ ಯಾಕಾಗಬಾರದು? ಮುಂದಿನ ಸಭೆ ಯಾವತ್ತು ಅಂತ ವಾರ್ಡ್ ಮೆಂಬರನ್ನು ಕೇಳಿ. ಹೋಗುವಾಗ ಗುಡ್ಡೆಯ ಸರ್ವೆ ನಂಬರು ಬರೆದುಕೊಂಡು ಹೋಗಿ, ನಿಮ್ಮ ಮಾತು ಮಿನಿಟ್ಸ್ ಪುಸ್ತಕದಲ್ಲಿ ಬರೆಯುವ ತನಕ ಕುರ್ಚಿ ಬಿಟ್ಟು ಏಳಬೇಡಿ.