ಆಂಟಿವೈರಸ್ ಯಾವುದು ಹಾಕ್ಸೋದು ಮಾರಾಯ್ರೆ?

ಮುಂಬೈಯಲ್ಲಿ ನಮ್ಮೂರಿನವರ ಹೋಟೆಲ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಜಿಎಸ್‌ಟಿ ಲೆಕ್ಕಕ್ಕೆಂದು ಹೋದರೆ ಕಂಪ್ಯೂಟರ್ ನೋಡುವ ಕೆಲಸವೂ ಗಂಟುಬೀಳುತ್ತದೆ. ಮಾಟುಂಗಾ, ಚೆಂಬೂರು, ಘಾಟ್‌ಕೋಪರ್, ಎಲ್ಲಿ ಹೋದರೂ ಅದೇ ಪ್ರಶ್ನೆ. "ಆಂಟಿವೈರಸ್ ಯಾವುದು ಹಾಕ್ಸೋದು ಮಾರಾಯ್ರೆ? ಫ್ರೀ ಸಿಗುವುದು ಆಗ್ತದಾ?"

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಬೇರೆ ಏನೂ ಬೇಡ ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ದುಡ್ಡು ಕೊಡದೆ ಬಂದದ್ದು ಹೇಗೆ ಒಳ್ಳೆಯದಿರಲು ಸಾಧ್ಯ ಅಂತ ಅನುಮಾನ. ಅದೇ ಜನ ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದು ಪುಕ್ಕಟೆ ಹಾಕಿಕೊಂಡ ಎಂಎಸ್ ಆಫೀಸ್‌ನಲ್ಲಿ ವರ್ಷಗಟ್ಟಲೆ ಸಂಬಳದ ಪಟ್ಟಿ ಬರೆಯುತ್ತಾರೆ, ಅದಕ್ಕೆ ಅನುಮಾನ ಇಲ್ಲ!

ಡಿಫೆಂಡರ್ ಮೊದಲು ನಗೆಪಾಟಲಿನ ಸರಕಾಗಿತ್ತು, ನಿಜ. 2012ರಲ್ಲಿ ವಿಂಡೋಸ್ 8ರ ಜೊತೆ ಪೂರ್ತಿ ಆಂಟಿವೈರಸ್ ಆಗಿ ಬಂದಾಗಲೂ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಿಟಿವ್ಸ್ ಅಂತ ಎರಡು ಸಂಸ್ಥೆಗಳು ಇಂಥವನ್ನೆಲ್ಲ ಪರೀಕ್ಷೆಗೆ ಹಚ್ಚುತ್ತವೆ. ಅವುಗಳ ಫಲಿತಾಂಶದಲ್ಲಿ ಡಿಫೆಂಡರ್ ದುಡ್ಡಿನವುಗಳ ಸಾಲಿನಲ್ಲೇ ಕೂತಿರುತ್ತದೆ. ಒಂದು ಕೊರತೆ ಇದೆ. ಅದರ ಅರ್ಧ ಬುದ್ಧಿ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿದೆ, ನೆಟ್ ಇಲ್ಲದಿದ್ದರೆ ಸ್ವಲ್ಪ ಮಂದ. ಬಿಲ್ಲಿಂಗ್ ಪಿಸಿಗೆ ನೆಟ್ಟೇ ಕೊಡದೆ ಬರೀ ಪೆನ್‌ಡ್ರೈವ್‌ನಲ್ಲಿ ವ್ಯವಹಾರ ಮಾಡುವವರು ದುಡ್ಡಿನದ್ದು ಕೊಂಡರೆ ನಾನು ಬೇಡ ಅನ್ನುವುದಿಲ್ಲ.

ಹೋಟೆಲ್‌ಗಳ ನಿಜವಾದ ಕಾಯಿಲೆ ಬೇರೆಯೇ. ಲ್ಯಾಮಿಂಗ್ಟನ್ ರೋಡ್‌ನ ಯಾವುದೋ ಅಂಗಡಿಯಿಂದ ಜೋಡಿಸಿದ ಪಿಸಿ ಬರುತ್ತದೆ. "ಎಲ್ಲಾ ಹಾಕಿ ಕೊಟ್ಟಿದ್ದೇವೆ" ಅಂತಾರೆ. ವಿಂಡೋಸ್ ಕ್ರ್ಯಾಕ್, ಆಫೀಸ್ ಕ್ರ್ಯಾಕ್, ಮೇಲೆ ಒಂದು ವರ್ಷದ ಆಂಟಿವೈರಸ್ ಕೀ, ಅದಕ್ಕೆ ಮಾತ್ರ ಬಿಲ್! ಅವಧಿ ಮುಗಿದರೆ ರಿನ್ಯೂ ಮಾಡುವವರಿಲ್ಲ, ಮೂಲೆಯಲ್ಲಿ ಕೆಂಪು ಗುರುತು ಮಿನುಗುತ್ತಲೇ ಇರುತ್ತದೆ. ಒಂದು ಹೋಟೆಲ್‌ನಲ್ಲಿ ಅದನ್ನು ಕಿತ್ತುಹಾಕಿ ಡಿಫೆಂಡರ್ ಚಾಲೂ ಮಾಡಿದೆ. ಎಷ್ಟು ಸ್ಕ್ಯಾನ್ ಮಾಡಿದರೂ ಏನೂ ಸಿಗುತ್ತಿಲ್ಲ. ಆದರೆ ಬ್ರೌಸರ್ ತೆರೆದರೆ ರಮ್ಮಿ ಜಾಹೀರಾತಿನ ಸುರಿಮಳೆ. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಒಂದು ಪಟ್ಟಿ ಇದೆ, ಇವನ್ನು ಪರೀಕ್ಷಿಸಬೇಡ ಅಂತ ಬಿಟ್ಟುಕೊಡುವ ಜಾಗ. ತೆರೆದು ನೋಡಿದರೆ ಅಲ್ಲಿ ಒಂದೇ ಸಾಲು: ಇಡೀ ಸಿ ಡ್ರೈವ್.

"ಶೆಟ್ರೇ, ಸಿ ಡ್ರೈವ್ ನೋಡ್ಬೇಡ ಅಂತ ಇದಕ್ಕೆ ಹೇಳಿಟ್ಟಿದ್ದಾರೆ."

"ಹಾಗಾದ್ರೆ ಇದು ಎಂತ ನೋಡುವುದು ಮಾರಾಯ್ರೆ?"

"ಎಂತದ್ದೂ ಇಲ್ಲ."

ಕ್ರ್ಯಾಕ್ ಓಡಬೇಕಾದರೆ ಕಾವಲು ತೆಗೆಯಲೇಬೇಕು. ಅದಕ್ಕೇ ಅಂಗಡಿಯವರು ಹೀಗೆ ಮಾಡಿಟ್ಟಿರುತ್ತಾರೆ. "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಯಾವ ಸಾಫ್ಟ್‌ವೇರ್ ಹೇಳಿದರೂ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ನಿಮ್ಮ ಪಿಸಿಯಲ್ಲೂ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ.

ಪೆನ್‌ಡ್ರೈವ್ ಕಥೆ ಇನ್ನೊಂದು. ಗೋಡೌನ್ ಬೀಗದ ಗೊಂಚಲಿನಲ್ಲೇ ನೇತಾಡುವ ಆ ಪೆನ್‌ಡ್ರೈವ್ ಕೌಂಟರಿನಿಂದ ಝೆರಾಕ್ಸ್ ಅಂಗಡಿಗೆ, ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ತೆರೆದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಫೈಲ್ ಹೋಯಿತು ಅಂತ ಕೂಗಾಟ. ಹೆಚ್ಚಿನ ಸಲ ಏನೂ ಹೋಗಿರುವುದಿಲ್ಲ. ವೈರಸ್ ನಿಜವಾದ ಫೋಲ್ಡರ್ ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಅದನ್ನು ಒತ್ತಿದರೆ ನಿಮ್ಮ ಪಿಸಿಗೂ ಹತ್ತಿಕೊಳ್ಳುತ್ತದೆ. ವೈರಸ್ ತೆಗೆದ ಮೇಲೂ ಫೋಲ್ಡರ್ ಕಾಣದೆ ಇರಬಹುದು. ಗಾಬರಿಯಾಗಿ ಫಾರ್ಮ್ಯಾಟ್ ಹೊಡೆಯಬೇಡಿ, ಬಚ್ಚಿಟ್ಟದ್ದನ್ನು ಹೊರತೆಗೆಯಲು ವಿಂಡೋಸ್‌ನಲ್ಲೇ ಅಟ್ರಿಬ್ ಅಂತ ಒಂದು ಕಮಾಂಡ್ ಇದೆ.

ಫ್ರೀ ನಂಬಬಹುದಾ, ದುಡ್ಡಿನದ್ದೇ ಬೇಕಾ ಅನ್ನುವುದಕ್ಕೆ ಬರುತ್ತೇನೆ. ಅವಾಸ್ಟ್ ಗೊತ್ತಲ್ವಾ, ಫ್ರೀ ಆಂಟಿವೈರಸ್‌ಗಳಲ್ಲೇ ದೊಡ್ಡ ಹೆಸರು. ಬಳಸುವವರು ಯಾವ ಯಾವ ಸೈಟ್ ನೋಡಿದರು ಅನ್ನುವ ಮಾಹಿತಿಯನ್ನು ಅದರ ಜಂಪ್‌ಶಾಟ್ ಎಂಬ ಅಂಗಸಂಸ್ಥೆ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಬಯಲಿಗೆಳೆದ ಮೇಲೆ ಅಂಗಡಿ ಮುಚ್ಚಿದರು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 1.65 ಕೋಟಿ ಡಾಲರ್ ಕಕ್ಕಿಸಿತು. ಕಾವಲುಗಾರನೇ ಮನೆಯ ಸುದ್ದಿ ಮಾರಿದ ಹಾಗೆ.

ಹಾಗಂತ ದುಡ್ಡು ಕೊಟ್ಟರೆ ನಿಶ್ಚಿಂತೆಯೇ? 2017ರ ಜೂನ್ ಕೊನೆಯಲ್ಲಿ ಇಲ್ಲೇ ನವಿ ಮುಂಬೈಯ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್‌ನ ಕಂಪ್ಯೂಟರ್‌ಗಳು ಕೈಕೊಟ್ಟವು. ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತವು. ಕಾರಣ ನಾಟ್‌ಪೆಟ್ಯಾ ಎಂಬ ವೈರಸ್. ಅದು ಹುಟ್ಟಿಕೊಂಡದ್ದು ಉಕ್ರೇನಿನ ಎಂ.ಇ.ಡಾಕ್ ಎಂಬ ತೆರಿಗೆ-ಲೆಕ್ಕಪತ್ರದ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲಿ. ಕ್ರ್ಯಾಕ್ ಅಲ್ಲ, ಅಸಲಿ ಕಂಪನಿಯ ಅಸಲಿ ಸರ್ವರ್‌ನಿಂದ ಬಂದ ಅಪ್‌ಡೇಟ್. ಕಳ್ಳರು ಕಂಪನಿಯೊಳಗೇ ನುಗ್ಗಿದ್ದರು. ಅಲ್ಲಿಂದ ಮೆರ್ಸ್ಕ್ ಹಡಗು ಕಂಪನಿಗೆ ಹತ್ತಿಕೊಂಡು, ಅದರ ಕೈಯಲ್ಲಿದ್ದ ಇಲ್ಲಿನ ಟರ್ಮಿನಲ್‌ಗೂ ಬಂತು. ನಾವು ಲೆಕ್ಕ ಬರೆಯುವವರು ಅಪ್‌ಡೇಟ್ ಕೇಳಿದ ಕೂಡಲೇ ಯೆಸ್ ಒತ್ತುವ ಜಾತಿ. ಅದಕ್ಕೇ ಈ ಕಥೆ ನನಗೆ ಜಾಸ್ತಿ ನಾಟಿದ್ದು.

ಹಾಗಾಗಿ ನಾನು ಬೆಲೆ ನೋಡುವುದಿಲ್ಲ. ಮಾಡಿದವರು ಯಾರು, ಅವರ ಹೊಟ್ಟೆಪಾಡು ಎಲ್ಲಿಂದ, ನನ್ನ ಪಿಸಿಗೆ ಯಾವ ದಾರಿಯಲ್ಲಿ ಬಂತು, ಇಷ್ಟು ಕೇಳುತ್ತೇನೆ. ವಿಡಿಯೋ ನೋಡುವ ವಿಎಲ್‌ಸಿ ಫ್ರೀ. ಫ್ರಾನ್ಸಿನ ವಿಡಿಯೋಲ್ಯಾನ್ ಎಂಬ ಲಾಭಕ್ಕಲ್ಲದ ಸಂಸ್ಥೆಯದ್ದು, ದೇಣಿಗೆಯಲ್ಲಿ ನಡೆಯುತ್ತದೆ, ಒಳಗಿನ ಕೋಡ್ ಯಾರು ಬೇಕಾದರೂ ಓದಬಹುದು. ಅಂಥದ್ದರ ಸೈಟನ್ನೇ 2022ರಲ್ಲಿ ನಮ್ಮ ದೇಶದಲ್ಲಿ ತಡೆಹಿಡಿದಿದ್ದರು, ನವೆಂಬರ್‌ನಲ್ಲಿ ಬಿಟ್ಟರು. ಅಸಲಿ ಬಾಗಿಲು ಮುಚ್ಚಿದಾಗ ಜನ ಕಂಡಕಂಡ ಸೈಟ್‌ನಿಂದ ಇಳಿಸಿಕೊಳ್ಳದೆ ಇನ್ನೇನು ಮಾಡುತ್ತಾರೆ?

ಸಂಘದ ಸ್ಮರಣ ಸಂಚಿಕೆ ಹೊತ್ತಿಗೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹುಡುಕುವಾಗಲೂ ಇದೇ ಪಾಡು. ಗೂಗಲ್‌ನಲ್ಲಿ ಮೇಲೆ ಬರುವ ಪುಟಗಳಲ್ಲಿ ಹಸಿರು ಬಣ್ಣದ ದೊಡ್ಡ ದೊಡ್ಡ ಡೌನ್‌ಲೋಡ್ ಬಟನ್‌ಗಳು. ಅವು ಹೆಚ್ಚಾಗಿ ಜಾಹೀರಾತು. ಫೈಲ್ ಇಳಿಸಿದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಯಾರದ್ದು ನೋಡಿ. ಸಹಿ ಇಲ್ಲದ್ದೆಲ್ಲ ಕಳ್ಳಮಾಲೂ ಅಲ್ಲ. ಅನುಮಾನ ಇದ್ದರೆ ಗೂಗಲ್‌ನವರ ವೈರಸ್‌ಟೋಟಲ್‌ಗೆ ಹಾಕಿ, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡುತ್ತವೆ. ಹೆಸರೇ ಕೇಳದ ಒಂದೆರಡು ಕೆಂಪು ತೋರಿಸಿದರೆ ಸುಮ್ನೆ ಗಾಬರಿ ಬೇಡ. ಆದರೆ ನಿಮ್ಮ ಬ್ಯಾಲೆನ್ಸ್ ಶೀಟ್, ಆಧಾರ್ ಪಿಡಿಎಫ್ ಅಲ್ಲಿಗೆ ಹಾಕಬೇಡಿ. ಹಾಕಿದ ಫೈಲ್ ಬೇರೆಯವರ ಕೈಗೂ ಹೋಗುತ್ತದೆ.

ದುಡ್ಡಿನವುಗಳ ಮೇಲೆ ನನಗೆ ಹಗೆ ಇಲ್ಲ. ಪುಣೆಯ ಕ್ವಿಕ್ ಹೀಲ್ ಒಂದು ಕ್ಯಾಲ್ಕುಲೇಟರ್ ರಿಪೇರಿ ಅಂಗಡಿಯಿಂದ ಬೆಳೆದು 2016ರಲ್ಲಿ ಶೇರು ಮಾರುಕಟ್ಟೆಗೆ ಬಂದ ಕಂಪನಿ. ಕಾಟ್ಕರ್ ಅಣ್ಣತಮ್ಮಂದಿರ ಶ್ರಮಕ್ಕೆ ಕೈ ಮುಗಿಯಬೇಕು. ನಾಲ್ಕೈದು ಬ್ರಾಂಚ್, ಹತ್ತಿಪ್ಪತ್ತು ಪಿಸಿ ಇರುವವರಿಗೆ ಎಲ್ಲವನ್ನೂ ಒಂದೇ ಕಡೆ ಕೂತು ನೋಡುವ ಪ್ಯಾಕೇಜ್ ಬೇಕಾಗುತ್ತದೆ, ಕೊಳ್ಳಲಿ. ಎರಡನೇ ವರ್ಷದ ಬೆಲೆ ಕೇಳಿಕೊಂಡು ಕೊಳ್ಳಲಿ, ಆಟೋ ರಿನ್ಯೂವಲ್ ತೆಗೆಸಲಿ. ಒಂದೇ ಪಿಸಿಯ ಹೋಟೆಲ್‌ನವರು ಆ ದುಡ್ಡಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತರಲಿ. ಬ್ಯಾಕಪ್ ಆದ ಕೂಡಲೇ ಕಿತ್ತು ಕಪಾಟಿನಲ್ಲಿಡಿ. ಚುಚ್ಚಿಯೇ ಇಟ್ಟರೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಅದನ್ನೂ ನುಂಗುತ್ತದೆ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇನ್ನೂ ವಿಂಡೋಸ್ 7 ಓಡಿಸುತ್ತಿರುವವರು ದಯವಿಟ್ಟು ಯಾವ ಆಂಟಿವೈರಸ್ ಅಂತ ನನ್ನನ್ನು ಕೇಳಬೇಡಿ. ಆ ಪಿಸಿಯ ನೆಟ್ ಕೇಬಲ್ ಕಿತ್ತುಬಿಡಿ.