ಶಿಶುವಿಗೆ ಹೊಸ ಮಿಷನ್ನೇ ಆಗಬೇಕು

ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಡುವುದು ಕಷ್ಟವೇನಲ್ಲ. ವಿದ್ಯಾನಗರದ ಕಡೆ ಒಂದು ಪುಟ್ಟ ಮಳಿಗೆ, ಒಂದು ಮಿಷನ್, ಸ್ಪೈರಲ್ ಬೈಂಡಿಂಗ್ ಬರುವ ಕೈ ಇದ್ದರೆ ಸಾಕು. ಊರಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಓದುವ ಮಕ್ಕಳಿರುವವರೆಗೂ ಗಿರಾಕಿಗೆ ಬರವಿಲ್ಲ. ಕಷ್ಟ ಇರುವುದು ಒಂದೇ ಕಡೆ. ತರುವ ಮಿಷನ್ ಹಳೆಯದು ಅಂತ ಬ್ಯಾಂಕಿಗೆ ನಿಜ ಹೇಳುವುದು.

ಹೊಸದಾಗಿ ಅಂಗಡಿ ಇಡುವವನು ಶೋರೂಮಿಗೆ ಹೋಗುವುದು ಕಡಿಮೆ. ದೊಡ್ಡ ಆಫೀಸುಗಳು ಬಳಸಿ ಬಿಟ್ಟ ಮಿಷನ್ನನ್ನು ಬಿಚ್ಚಿ, ಡ್ರಮ್ ಬದಲಿಸಿ, ಒರೆಸಿ ಮಾರುವವರಿದ್ದಾರೆ. ರೀಕಂಡೀಷನ್ ಮಾಲು. ಇಲ್ಲಿವರೆಗೆ ಎಷ್ಟು ಕಾಪಿ ಹೊಡೆದಿದೆ ಅಂತ ಮಿಷನ್ನಿನ ಕೌಂಟರ್ ನೋಡಿ, ಒಂದಷ್ಟು ಕಾಪಿ ಹೊಡೆಸಿ ತಂದರೆ ವರ್ಷಗಟ್ಟಲೆ ದುಡಿಯುತ್ತದೆ. ಅಂಥದ್ದು 45 ಸಾವಿರಕ್ಕೆ ಸಿಕ್ಕಿತು, ಹೊಸದು ಒಂದೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ಹುಡುಗ ಅರ್ಜಿ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ.

‘ಕೊಟೇಶನ್ ಎಲ್ಲಿ?’

‘ಹಳೇ ಮಿಷನ್ ಸಾರ್. 45 ಸಾವಿರ.’

‘ಹಳೇದಕ್ಕೆಲ್ಲಾ ಆಗಲ್ಲಪ್ಪ. ಹೊಸದಕ್ಕೆ ಒಂದೂವರೆ ಲಕ್ಷ ತಗೋ, ಮಾಡಿಕೊಡೋಣ.’

ಕಡಿಮೆ ಸಾಲ ಕೇಳಿದವನು ಅನುಮಾನದ ಮನುಷ್ಯ. ಮೂರು ಪಟ್ಟು ಜಾಸ್ತಿ ಸಾಲ ಮಾಡುವವನು ಮರ್ಯಾದಸ್ಥ. ಶೇ 11ರ ಬಡ್ಡಿಯಲ್ಲಿ 3 ವರ್ಷಕ್ಕೆ ಲೆಕ್ಕ ಹಾಕಿ. ಹಳೇ ಮಿಷನ್ನಿಗೆ ತಿಂಗಳ ಕಂತು 1,500 ರೂಪಾಯಿ ಒಳಗೇ. ಹೊಸದಕ್ಕೆ ಹತ್ತಿರ ಹತ್ತಿರ 4,900. ಕಾಪಿಗೆ 2 ರೂಪಾಯಿ ಅಂದರೆ, ಕಂತಿಗೇ ಸುಮಾರು 2,450 ಕಾಪಿ ಹೊಡೆಯಬೇಕು. ಪೇಪರ್, ಟೋನರ್, ಕರೆಂಟು, ಬಾಡಿಗೆ ಬೇರೆ. ಸಾಲ ತೀರಿಸಲು ಯಾರಿಗೆ ಸುಲಭ ಅಂತ ಶಾಖೆಯಲ್ಲಿ ಯಾರೂ ಕೇಳುವುದಿಲ್ಲ. ಅದು ಫಾರಂನಲ್ಲಿ ಇಲ್ಲ.

ಬ್ಯಾಂಕಿನವರ ಭಯ ಪೂರ್ತಿ ಸುಳ್ಳು ಅಂತಲೂ ಅಲ್ಲ. ಹಳೇ ಮಿಷನ್ನಿಗೆ ಆರ್‌ಸಿ ಬುಕ್ ಇಲ್ಲ. ಬಿಲ್ಲಿನಲ್ಲಿ ಬರೆದ ಬೆಲೆ ನಿಜವೋ ಬೊಗಳೆಯೋ ಗೊತ್ತಾಗಲ್ಲ. ಅದಕ್ಕೇ ಚಾರ್ಟರ್ಡ್ ಇಂಜಿನಿಯರ್ ಬಂದು, ಇದರ ಬೆಲೆ ಇಷ್ಟು, ಇನ್ನು ಇಷ್ಟು ವರ್ಷ ಬಾಳುತ್ತೆ ಅಂತ ಸರ್ಟಿಫಿಕೇಟ್ ಕೊಡಬೇಕು ಅನ್ನುತ್ತಾರೆ. ಸರಿ, 45 ಸಾವಿರದ ಡಬ್ಬಿಗೆ ಆಯಸ್ಸು ಬರೆಯಲು ಅವರ ಫೀಸು ಯಾರು ಕೊಡಬೇಕು? ಇನ್ನು ಹೊಸದು ಎಷ್ಟು ದಿನ ಹೊಸದಾಗಿರುತ್ತೆ? ಅದೇ ಅಂಗಡಿಯ ಕಂಪ್ಯೂಟರನ್ನೇ ನೋಡಿ. ಆದಾಯ ತೆರಿಗೆಯವರ ಸವಕಳಿ ಲೆಕ್ಕ ವರ್ಷಕ್ಕೆ ಶೇ 40. ಒಂದು ಲಕ್ಷದ್ದು ಮೂರು ವರ್ಷಕ್ಕೆ 21,600 ರೂಪಾಯಿಗೆ ಇಳಿಯುತ್ತದೆ. ಸಾಲ ಮುಗಿಯುವಷ್ಟರಲ್ಲಿ ಎಲ್ಲವೂ ಹಳೇ ಸಾಮಾನೇ ಅಲ್ವಾ?

ಸಣ್ಣ ಉದ್ಯಮಕ್ಕೆ ಸಾಲ ಕೊಡುವ ಕೇಂದ್ರದ ಮುದ್ರಾ ಯೋಜನೆ 2015ರಿಂದ ಇದೆ. ಅದರಲ್ಲಿ 50 ಸಾವಿರದವರೆಗಿನ ಸಾಲಕ್ಕೆ ಶಿಶು ಅಂತ ಹೆಸರು. 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. 2024ರ ಬಜೆಟ್ಟಿನಲ್ಲಿ 20 ಲಕ್ಷದ ಮಾತು ಬಂತು, ಅದಕ್ಕೆ ತರುಣ್ ಪ್ಲಸ್ ಅಂತ ಹೆಸರಿಟ್ಟರು. ಮುದುಕರಿಗೆ ಜಾಗವಿಲ್ಲ, ಬಹುಶಃ ಕಂತು ಕಟ್ಟಿ ಕಟ್ಟಿ ಆಗುವುದು ಅದೇ. ನಮ್ಮ ಹುಡುಗ ಲೆಕ್ಕದ ಪ್ರಕಾರ ಶಿಶು. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಸುತ್ತುವುದೇ ಅಜ್ಜಿಯ ಹಳೇ ಸೀರೆ. ಮೆತ್ತಗಿರುತ್ತೆ ಅಂತ. ಬ್ಯಾಂಕಿನ ಶಿಶುವಿಗೆ ಮಾತ್ರ ಹೊಸಾ ಜರತಾರಿಯೇ ಆಗಬೇಕು.

ದಾಖಲೆಗಳದ್ದು ಇನ್ನೊಂದು ತಮಾಷೆ. ಸಣ್ಣ ಉದ್ದಿಮೆಗಳಿಗೆ ಅಂತ 2020ರ ಜುಲೈ 1ರಿಂದ ಶುರುವಾದ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಕಾಗದ ಇಲ್ಲ, ಎಲ್ಲ ಆನ್‌ಲೈನ್. ಆ ಕಾಗದವಿಲ್ಲದ ಸರ್ಟಿಫಿಕೇಟಿನ ಜೆರಾಕ್ಸ್ ಮೂರು ಸೆಟ್ ತಾ ಅನ್ನುತ್ತಾರೆ ಶಾಖೆಯಲ್ಲಿ. ಆಧಾರ್, ಪ್ಯಾನ್, ಬಾಡಿಗೆ ಕರಾರು, ಎಲ್ಲದಕ್ಕೂ ಮೂರು. ಜೆರಾಕ್ಸ್ ಅಂಗಡಿ ಇಡಲು ಹೊರಟವನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸಾಲು ನಿಲ್ಲುತ್ತಾನೆ. ಆ ಅಂಗಡಿಯವನ ಮಿಷನ್ನೂ ಸೆಕೆಂಡ್ ಹ್ಯಾಂಡೇ. ಅದರಲ್ಲಿ ಹೊಡೆದ ಕಾಪಿ ಮಾತ್ರ ಬ್ಯಾಂಕಿಗೆ ನಡೆಯುತ್ತೆ.

ಹಳೇ ಕಾರಿಗೆ ಸಾಲ ಉಂಟು, ಅದು ದುಡಿಯದೆ ಮನೆ ಮುಂದೆ ನಿಂತರೂ ಸರಿ. ಚಿನ್ನವಾದರಂತೂ ಎಷ್ಟು ಹಳೆಯದು, ಎಷ್ಟು ಕೈ ದಾಟಿದ್ದು ಅಂತ ಕೇಳುವುದೇ ಇಲ್ಲ. ಕೊನೆಗೆ ಆಗುವುದೂ ಅದೇ. ಅಮ್ಮನ ಸರ ಅಡವಿಟ್ಟು ಹುಡುಗ ಹಳೇ ಮಿಷನ್ ತರುತ್ತಾನೆ. ಉದ್ಯಮಕ್ಕೆ ಸಾಲ ಕೊಟ್ಟಿದ್ದು ಅಮ್ಮ, ಬಡ್ಡಿ ತಗೊಂಡಿದ್ದು ಬ್ಯಾಂಕು.

ಇಷ್ಟರ ಮಧ್ಯೆ ಅದೇ ಶಾಖೆಯ ಬೋರ್ಡಿನಲ್ಲಿ ಒಂದು ನೋಟಿಸು. ಬ್ಯಾಂಕಿನ ಹಳೇ ಪ್ರಿಂಟರ್, ಕಂಪ್ಯೂಟರ್, ಜೆರಾಕ್ಸ್ ಮಿಷನ್ ಹರಾಜಿಗಿವೆ. ಇದ್ದಲ್ಲಿ, ಇದ್ದ ಹಾಗೆ. ಕೆಳಗೆ ಕನಿಷ್ಠ ಬೆಲೆ ನಮೂದಿಸಿದ್ದಾರೆ. ಸಾಲದ ಮೇಜಿನಲ್ಲಿ ಬೆಲೆಯೇ ಇಲ್ಲದ ಹಳೇ ಮಿಷನ್ನಿಗೆ ನೋಟಿಸ್ ಬೋರ್ಡಿನಲ್ಲಿ ಬೆಲೆ ಬಂದಿದೆ. ಅದನ್ನು ಕೊಳ್ಳಲು ಸಾಲ ಕೊಡ್ತೀರಾ ಅಂತ ಹುಡುಗ ಕೇಳಿದ. ಸಾಹೇಬರು ನೋಟಿಸ್ ಒಮ್ಮೆ ಓದಿಕೊಂಡು ಹೇಳಿದರು, ‘ಇದನ್ನಾ? ಇದು ಬಹಳ ಹಳೇದಪ್ಪ. ನೀನು ಹೊಸದು ನೋಡು.’