ನೀಲಿ ತ್ರಿಕೋನ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಪುತ್ತೂರು ಕಡೆ ನಮ್ಮದು ಸ್ವಲ್ಪ ಅಡಿಕೆ ತೋಟ. ಅಪ್ಪ ಜಗಲಿಯಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದು ಬಾಟಲಿಯ ಲೇಬಲ್ ಓದುತ್ತಿದ್ದರು. ಹುಲ್ಲಿಗೆ ಬಿಡುವ ಮದ್ದು. ತೋಟದ ಹುಲ್ಲು ತೆಗೆಯಲು ಆಳು ಸಿಗದೆ ಎರಡು ವರ್ಷ ಆಯಿತು. ಮೆಷಿನಿನವನು ಕರೆದಾಗ ಬರುವುದಿಲ್ಲ. ಅಂಗಡಿಯವನು ಇದನ್ನು ಕೊಟ್ಟು ಕಳಿಸಿದ್ದ.

"ಇದು ನೀಲಿ ಉಂಟು ನೋಡು ಮಗಳೇ. ಕೆಂಪು ಅಲ್ಲ. ಎಂತ ತೊಂದರೆ ಇಲ್ಲಂತೆ" ಅಂದರು.

ಆ ನೀಲಿಯ ಬಗ್ಗೆ ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಿದ್ದೆ.

ಕೃಷಿ ಮದ್ದಿನ ಯಾವ ಡಬ್ಬಿ ಎತ್ತಿದರೂ ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ, ಅಂದರೆ ತ್ರಿಕೋನದಂತೆ ಕಾಣುವ ಭಾಗಕ್ಕೆ ಬಣ್ಣ ಬಳಿದಿರುತ್ತಾರೆ. ಕೆಂಪು, ಹಳದಿ, ನೀಲಿ ಅಥವಾ ಹಸಿರು. 1971ರ ಕೀಟನಾಶಕ ನಿಯಮಗಳಲ್ಲಿ ಬಂದ ಪದ್ಧತಿ ಇದು. ಬಣ್ಣ ನಿರ್ಧಾರ ಆಗುವುದು ಇಲಿಗಳಂಥ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ. ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಪ್ರಾಣಿಗಳು ಸಾಯಲು, ಮೈತೂಕದ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಅನ್ನುವ ಲೆಕ್ಕ. 50ರ ಒಳಗೆ ಸತ್ತರೆ ಕೆಂಪು. 500ರವರೆಗೆ ಹಳದಿ. 5000ದವರೆಗೆ ನೀಲಿ. ಅದಕ್ಕೂ ಮೇಲೆ ಬೇಕಾದರೆ ಹಸಿರು.

ಅಂದರೆ ಈ ಬಣ್ಣ ಕೇಳುವ ಪ್ರಶ್ನೆ ಒಂದೇ. ಎಷ್ಟು ಕುಡಿದರೆ ಸಾಯುತ್ತಾರೆ?

ಆ ಪ್ರಶ್ನೆ ಬೇಡ ಎನ್ನುತ್ತಿಲ್ಲ. ವಿಷ ಕುಡಿದು ಆಸ್ಪತ್ರೆಗೆ ಬಂದವರನ್ನು ಉಳಿಸುವ ಡಾಕ್ಟರಿಗೆ ಅದು ಬೇಕೇ ಬೇಕು. ನೋಂದಣಿಗೆ ಬೇರೆ ಪರೀಕ್ಷೆಗಳೂ ಇವೆ, ಅದೂ ಗೊತ್ತು. ಆದರೆ ಅಂಗಡಿಯಲ್ಲಿ ರೈತನ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ. ಸಾಯಿಸದೆ, ಒಳಗೊಳಗೇ ಹಾರ್ಮೋನಿನ ಕೆಲಸ ಕೆಡಿಸುವ ವಸ್ತುವಿಗೆ ಯಾವ ಬಣ್ಣ? ಅದಕ್ಕೆ ಬಣ್ಣವೇ ಇಲ್ಲ.

ನನ್ನ ಅಮ್ಮನ ತವರು ಗಡಿಯ ಆಚೆ, ಕಾಸರಗೋಡಿನ ಕಡೆ. ಚಿಕ್ಕಂದಿನಲ್ಲಿ ರಜೆಗೆ ಅಲ್ಲಿ ಹೋದಾಗ ಹೆಲಿಕಾಪ್ಟರ್ ಬಂತು ಅಂದರೆ ನಮಗೆ ಹಬ್ಬ. ಉಣ್ಣುವ ಬಟ್ಟಲು ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಎದುರಿನ ಗೇರು ಗುಡ್ಡೆಯ ಮೇಲೆ ಅದು ಬಿಳಿ ಹೊಗೆಯಂಥದ್ದನ್ನು ಬಿಡುತ್ತಾ ಹೋಗುತ್ತಿತ್ತು. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅಜ್ಜಿ ಮಾತ್ರ ಒಳಗೆ ಬನ್ನಿ ಅಂತ ಬೈಯುತ್ತಿದ್ದರು. ಅವರಿಗೆ ವಿಷದ ಭಯಕ್ಕಿಂತ ಬಟ್ಟಲಿಗೆ ನೊಣ ಬೀಳುವ ಭಯ ಜಾಸ್ತಿ ಇತ್ತು ಅನ್ನಿಸುತ್ತದೆ.

ಆ ಬಿಳಿ ಹೊಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರಿನ ಚಿಗುರು, ಹೂವು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಅಂತ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಸುರಿಯಿತು. ವರ್ಷಕ್ಕೆ ಎರಡು ಮೂರು ಸಲ, ಇಪ್ಪತ್ತಕ್ಕೂ ಹೆಚ್ಚು ವರ್ಷ. ಬಾವಿ ಮುಚ್ಚಿಕೊಳ್ಳಿ ಅನ್ನುವ ಸೂಚನೆ ಇತ್ತು. ಆ ಗುಡ್ಡೆಗಳನ್ನು ನೋಡಿದವರಿಗೆ ನಗು ಬರುತ್ತದೆ. ಅಲ್ಲಿ ಜನ ಕುಡಿಯುವುದು ಗುಡ್ಡೆ ಕೊರೆದು ಮಾಡಿದ ಸುರಂಗದ ನೀರು, ತೋಡಿನ, ಅಂದರೆ ಸಣ್ಣ ಹಳ್ಳದ ನೀರು. ಗುಡ್ಡೆಗೆ ಬಿದ್ದದ್ದು ಮಳೆಯಲ್ಲಿ ತೊಳೆದು ತೋಡಿಗೇ ಬರಬೇಕು. ತೋಡಿಗೆ ಮುಚ್ಚಳ ಹಾಕುವುದು ಹೇಗೆ?

ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬಹಳ ಮೊದಲೇ ಬರೆದಿದ್ದರು. ಅಲ್ಲಿಯ ವಾಣಿನಗರದಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲೇ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಯಾಕೆ ಅಂತ ಪಟ್ಟಿ ಮಾಡುತ್ತಾ ಹೋದರು. ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಅಂತ 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಕೋರ್ಟಿಗೆ ಹೋದರು.

ನಮ್ಮ ಕಡೆಯೂ ಕಡಿಮೆ ಏನಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಹೆಸರು ಕೇಳಿದ್ದೀರಲ್ಲ. ಅಲ್ಲಿಯೂ ಸರ್ಕಾರದ್ದೇ ಗೇರು ಪ್ಲಾಂಟೇಶನ್, ಅದೇ ಮದ್ದು. ಇವತ್ತಿಗೂ ಅಲ್ಲಿ ಮೂವತ್ತು ನಲವತ್ತು ವರ್ಷದ ಮಗನಿಗೆ ಅನ್ನ ಕಲಸಿ ಬಾಯಿಗಿಡುವ ಎಪ್ಪತ್ತರ ತಾಯಂದಿರಿದ್ದಾರೆ.

ಆದರೆ ನಾನು ಹೇಳಬೇಕೆಂದಿರುವುದು ಎಂಡೋಸಲ್ಫಾನ್ ಸುದ್ದಿಯ ಫೋಟೋಗಳಲ್ಲಿ ಕಾಣುವ ಮಕ್ಕಳ ಬಗ್ಗೆ ಅಲ್ಲ. ಕಾಣದ ಮಕ್ಕಳ ಬಗ್ಗೆ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯಲ್ಲಿ ಒಂದು ಅಧ್ಯಯನ ಮಾಡಿದರು. 2003ರಲ್ಲಿ ಪ್ರಕಟವಾಯಿತು. 10ರಿಂದ 19 ವರ್ಷದ 117 ಹುಡುಗರು, ಎಲ್ಲರೂ ಸಿಂಪಡಣೆಯಾದ ಊರಿನವರು. ಹೋಲಿಕೆಗೆ, ಆಕಾಶದಿಂದ ಮದ್ದು ಬೀಳದ ಊರಿನ 90 ಹುಡುಗರು. ಎಲ್ಲರೂ ಶಾಲೆಗೆ ಹೋಗುವ, ಆಡುವ, ನೋಡಿದರೆ ಏನೂ ಕೊರತೆ ಕಾಣದ ಮಕ್ಕಳು. ಸಿಂಪಡಣೆ ನಿಂತು ತಿಂಗಳುಗಳಾದ ಮೇಲೂ ಮೊದಲ ಊರಿನವರ ರಕ್ತದಲ್ಲಿ ಸರಾಸರಿ ನೂರು ಕೋಟಿ ಪಾಲಿಗೆ ಸುಮಾರು 7 ಪಾಲು ಎಂಡೋಸಲ್ಫಾನ್ ಇತ್ತು. ಇನ್ನೊಂದು ಊರಿನಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. ಮದ್ದು ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ. ಅದನ್ನು ಹೆಚ್ಚು ಮಾಡು ಅಂತ ಮಿದುಳಿನಿಂದ ಬರುವ ಇನ್ನೊಂದು ಹಾರ್ಮೋನು ಮಾತ್ರ ಜಾಸ್ತಿ. ಮೇಲಿನಿಂದ ಆರ್ಡರ್ ಮೇಲೆ ಆರ್ಡರ್, ಕೆಳಗೆ ಕೆಲಸ ಆಗುತ್ತಿಲ್ಲ.

ಮೀಸೆ ಬರುವುದು ಸ್ವಲ್ಪ ತಡ. ಸ್ವರ ಒಡೆಯುವುದು ತಡ. ಯಾವ ಅಪ್ಪ ಅಮ್ಮ ಇದಕ್ಕೆ ಡಾಕ್ಟರ ಹತ್ತಿರ ಹೋಗುತ್ತಾರೆ? "ನಮ್ಮ ಕುಟುಂಬದಲ್ಲಿ ಎಲ್ಲರೂ ಹಾಗೆಯೇ" ಅಂದುಕೊಂಡು ಸುಮ್ನಾಗುತ್ತಾರೆ.

ನೂರು ಕೋಟಿಯಲ್ಲಿ ಏಳು ಪಾಲಾ, ಅದೆಲ್ಲ ಒಂದು ಲೆಕ್ಕವಾ ಅನ್ನುವವರಿಗೆ ಒಂದು ಮಾತು. ಗರ್ಭಿಣಿಯಲ್ಲದ ಹೆಂಗಸಿನ ರಕ್ತದಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನುಗಳಲ್ಲಿ ಮುಖ್ಯವಾದದ್ದು ಇರುವುದೇ ನೂರು ಕೋಟಿ ಪಾಲಿಗೆ ಒಂದು ಪಾಲಿಗಿಂತ ಕಡಿಮೆ. ಅಷ್ಟರಲ್ಲೇ ಮುಟ್ಟು, ಬಸಿರು, ಮೂಳೆಯ ಗಟ್ಟಿತನ ಎಲ್ಲ ನಡೆಯುತ್ತದೆ. ದೇಹ ಆ ಸಣ್ಣ ಲೆಕ್ಕದಲ್ಲೇ ಮಾತಾಡುತ್ತದೆ. ಹಾರ್ಮೋನು ತೆರೆಯುವ ಬೀಗಕ್ಕೇ ಹೊಂದುವ ಕಳ್ಳ ಕೀಲಿ ಹೊರಗಿನಿಂದ ಬಂದರೆ ತುಂಬಾ ಬೇಕಾಗುವುದಿಲ್ಲ. ಬರುವ ಹೊತ್ತೂ ಮುಖ್ಯ. ದೊಡ್ಡವರಿಗೆ ಏನೂ ಮಾಡದ ಪ್ರಮಾಣ ಹೊಟ್ಟೆಯೊಳಗಿನ ಕೂಸಿಗೆ, ಪ್ರಾಯಕ್ಕೆ ಬರುವ ಮಕ್ಕಳಿಗೆ ಬೇರೆಯೇ ಆಗಬಹುದು.

ಇಂಥ ವಿಷಕ್ಕೆ ಇನ್ನೊಂದು ಅನುಕೂಲ ಇದೆ, ಅದು ಸಹಿ ಹಾಕಿ ಹೋಗುವುದಿಲ್ಲ. ಈ ಒಂದು ಮಗುವಿಗೆ ಹೀಗಾದದ್ದು ಅದರಿಂದಲೇ ಅಂತ ಯಾರೂ ಬೆರಳಿಟ್ಟು ತೋರಿಸಲಾಗದು. ಇಡೀ ಊರನ್ನು ಇನ್ನೊಂದು ಊರಿನ ಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಆದ್ದರಿಂದಲೇ ಸಮಿತಿಯ ಮೇಲೆ ಸಮಿತಿ ಬಂತು. ಕೇಂದ್ರ ಕೃಷಿ ಸಚಿವಾಲಯ ನೇಮಿಸಿದ ಸಮಿತಿ ಸಂಬಂಧವೇ ಇಲ್ಲ ಎಂದಿತು. ಕೊನೆಗೆ 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಅಂದರೆ ದೇಶಗಳೆಲ್ಲ ಕೂಡಿ ಬಿಡಬೇಕು ಅಂದ ವಿಷಗಳ ಪಟ್ಟಿಗೆ, ಎಂಡೋಸಲ್ಫಾನ್ ಸೇರಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ತಡೆ ಹಾಕಿತು. ಸಂತ್ರಸ್ತರಿಗೆ ಕೇರಳ ಸರ್ಕಾರ ತಲಾ 5 ಲಕ್ಷ ಕೊಡಬೇಕು ಅಂತ 2017ರಲ್ಲಿ ಆದೇಶ ಆಯಿತು. 2022ರಲ್ಲಿ ಅದೇ ಕೋರ್ಟ್ ಅದೇ ಹಣಕ್ಕಾಗಿ ಮತ್ತೆ ಗದರಿಸಬೇಕಾಯಿತು. ಮೊದಲ ಹೆಲಿಕಾಪ್ಟರ್ ಹಾರಿ ಅಷ್ಟರಲ್ಲಿ ನಲವತ್ತು ವರ್ಷ ದಾಟಿತ್ತು.

ಸಂಶಯದ ಲಾಭ ಯಾರಿಗೆ ಸಿಗಬೇಕು? ಕೊಲೆ ಕೇಸಿನಲ್ಲಿ ಆರೋಪಿಗೆ ಸಿಗಲಿ, ಸರಿ. ಕೆಮಿಕಲ್ಲಿಗೂ ಯಾಕೆ ಕೊಡುತ್ತೇವೆ ನಾವು? ಅದಕ್ಕೇನು ಹೆಂಡತಿ ಮಕ್ಕಳು ಇದ್ದಾರಾ?

ಎಂಡೋಸಲ್ಫಾನ್ ಮುಗಿದ ಕತೆ ಅನ್ನುವವರಿಗೆ ಅಟ್ರಜಿನ್ ಬಗ್ಗೆ ಹೇಳುತ್ತೇನೆ. ಮೆಕ್ಕೆಜೋಳದ ಕಳೆಗೆ ಹೊಡೆಯುವ ಮದ್ದು. ಇಲಿಗಳ ಲೆಕ್ಕದಲ್ಲಿ ನೀಲಿ ಗುಂಪಿಗೆ ಬೀಳುತ್ತದೆ, ಅಂದರೆ ಅಪ್ಪನ ಭಾಷೆಯಲ್ಲಿ "ಎಂತ ತೊಂದರೆ ಇಲ್ಲ". ಅಮೆರಿಕದ ಬರ್ಕ್ಲಿಯಲ್ಲಿ ಟೈರೋನ್ ಹೇಯ್ಸ್ ಎಂಬ ವಿಜ್ಞಾನಿ 40 ಗಂಡು ಕಪ್ಪೆಗಳನ್ನು, ನೂರು ಕೋಟಿ ಪಾಲಿಗೆ ಎರಡೂವರೆ ಪಾಲು ಅಟ್ರಜಿನ್ ಇರುವ ನೀರಲ್ಲಿ ಬೆಳೆಸಿದರು. 2010ರಲ್ಲಿ ಫಲಿತಾಂಶ ಬರೆದರು. ಮುಕ್ಕಾಲು ಪಾಲು ಕಪ್ಪೆಗಳು ಗಂಡಾಗಿ ಕೆಲಸಕ್ಕೆ ಬಾರದಾದವು. ನಾಲ್ಕು ಕಪ್ಪೆಗಳಂತೂ ಹೆಣ್ಣಾಗಿಯೇ ಬದಲಾದವು, ಅವುಗಳಲ್ಲಿ ಕೆಲವು ಬೇರೆ ಗಂಡುಗಳ ಜೊತೆ ಕೂಡಿ ಮೊಟ್ಟೆಯನ್ನೂ ಇಟ್ಟವು. ಅಟ್ರಜಿನ್ ಮಾಡುವ ಕಂಪನಿಯವರು ಒಪ್ಪಲಿಲ್ಲ, ಆ ಜಗಳ ಇನ್ನೂ ನಡೆದಿದೆ. ಯುರೋಪಿನವರು ಜಗಳ ಮುಗಿಯಲಿ ಅಂತ ಕಾಯಲಿಲ್ಲ. ಅಂತರ್ಜಲದಲ್ಲಿ ಮಿತಿ ಮೀರಿ ಸಿಗುತ್ತಿದೆ ಅನ್ನುವ ಕಾರಣಕ್ಕೇ 2004ರಲ್ಲಿ ಬಾಗಿಲು ಹಾಕಿದರು. ನಮ್ಮಲ್ಲಿ ಇವತ್ತೂ ಮಾರುತ್ತಾರೆ. ಸಾಯಿಸದೆಯೂ ಸಂತತಿಗೆ ಏನಾಗುತ್ತದೆ ನೋಡಿ. ನಮ್ಮ ಬಣ್ಣದ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ.

ಪೇಟೆಯವರು ಇದೆಲ್ಲ ರೈತರ ವಿಷಯ ಅಂತ ಮುಂದೆ ಹೋಗಬೇಡಿ. ನಾನೂ ಬೆಂಗಳೂರಿನಲ್ಲೇ ಇರುವುದು. ಬಿಸ್ಫಿನಾಲ್ ಎ ಅಂತ ಒಂದು ಕೆಮಿಕಲ್ ಇದೆ. ಅದು ಈಸ್ಟ್ರೋಜೆನ್ ಥರ ವರ್ತಿಸುತ್ತದೆ ಅಂತ ಚಾರ್ಲ್ಸ್ ಡಾಡ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ 1930ರ ದಶಕದಲ್ಲೇ ತೋರಿಸಿದ್ದ. ಗೊತ್ತಿದ್ದೂ ಮುಂದೆ ಅದರಿಂದಲೇ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮಾಡಿದರು, ಮಗುವಿನ ಹಾಲಿನ ಬಾಟಲಿ ಮಾಡಿದರು. ನಮ್ಮಲ್ಲಿ 2015ರ ಬಿಐಎಸ್ ಮಾನದಂಡ ಹಾಲಿನ ಬಾಟಲಿಯಲ್ಲಿ ಅದು ಇರಬಾರದು ಎಂದಿತು. ಒಳ್ಳೆಯದಾಯಿತು. ಆದರೆ ಮನೆಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್? ಅವುಗಳಲ್ಲಿ ಎಷ್ಟೋ ಅದೇ ಪ್ಲಾಸ್ಟಿಕ್ಕು. ಮಧ್ಯಾಹ್ನದ ಬಿಸಿಲಲ್ಲಿ ಟೆಂಪೋದಲ್ಲಿ ಬೇಯುತ್ತಾ ಬರುತ್ತವೆ, ಗೀರು ಬಿದ್ದು ಮಸುಕಾಗುವವರೆಗೂ ತುಂಬಿಸುತ್ತಾರೆ. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ ಇಷ್ಟು ದೇಹಕ್ಕೆ ಹೋದರೆ ಪರವಾಗಿಲ್ಲ ಅನ್ನುವ ಮಿತಿಯನ್ನು ಒಂದೇ ಏಟಿಗೆ 20,000 ಪಟ್ಟು ಇಳಿಸಿತು. ಹಾಗಾದರೆ ಅಲ್ಲಿಯವರೆಗೆ ಪರವಾಗಿಲ್ಲ ಅಂದದ್ದು ಏನು?

2025ರ ಫೆಬ್ರವರಿಯಲ್ಲಿ ನಮ್ಮ ಇಡ್ಲಿ ಗಲಾಟೆ ನೆನಪಿದೆಯಲ್ಲ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವುದನ್ನು ಆರೋಗ್ಯ ಇಲಾಖೆ ನಿಲ್ಲಿಸಿತು. ಟಿವಿಯಲ್ಲಿ ವಾರವಿಡೀ ಕ್ಯಾನ್ಸರ್, ಕ್ಯಾನ್ಸರ್. ಹಾರ್ಮೋನಿನ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಪುನಃ ಅದೇ. ಸಾಯಿಸುವುದಾದರೆ ಮಾತ್ರ ನಮಗೆ ಸುದ್ದಿ. ಈಗ ಇಡ್ಲಿ ಬಟ್ಟೆಯಲ್ಲೇ ಬೇಯುತ್ತದೆ ಅನ್ನೋಣ, ಕುದಿಯುವ ಸಾಂಬಾರು ಮಾತ್ರ ಇವತ್ತಿಗೂ ತೆಳ್ಳಗಿನ ಕವರಿನಲ್ಲೇ ಪಾರ್ಸೆಲ್ ಬರುತ್ತದೆ. ನಾನು ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗುತ್ತೇನೆ. ಮರೆತ ದಿನ ಕವರಿನಲ್ಲೇ ತಂದು ತಿನ್ನುತ್ತೇನೆ ಕೂಡ, ಸುಳ್ಳು ಹೇಳುವುದಿಲ್ಲ. ಒಬ್ಬೊಬ್ಬರು ಡಬ್ಬಿ ಹಿಡಿದು ಓಡಾಡಿ ಬಗೆಹರಿಯುವ ವಿಷಯ ಇದಲ್ಲ. ಕವರಿನ ಮೇಲೆ, ಕ್ಯಾನಿನ ಮೇಲೆ, ಮದ್ದಿನ ಡಬ್ಬಿಯ ಮೇಲೆ ಇದು ಹಾರ್ಮೋನಿಗೆ ತೊಂದರೆ ಕೊಡಬಹುದು ಅಂತ ಓದಲು ಬರುವ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿಸಬೇಕಾದವರು ಬೇರೆಯೇ ಇದ್ದಾರೆ.

ಅವತ್ತು ಜಗಲಿಯಲ್ಲಿ ಅಪ್ಪನಿಗೆ ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ "ನೀನು ಹೇಳುವುದು ಸರಿ ಇರಬಹುದು. ಹುಲ್ಲು ಯಾರು ತೆಗೆಯುವುದು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಟಲಿ ಅಟ್ಟಕ್ಕೆ ಹೋಯಿತು, ಮೆಷಿನಿನವನಿಗೆ ಡಬಲ್ ಸಂಬಳ ಕೊಟ್ಟು ಕರೆಸಿದೆವು. ಮುಂದಿನ ಸಲ ಗೊತ್ತಿಲ್ಲ.

ದಾವಣಗೆರೆ, ಹಾವೇರಿ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಕೇಳುವುದಿತ್ತು. ಗೋವಿನಜೋಳಕ್ಕೆ ಕಳೆಯೆಣ್ಣೆ ಹೊಡೆದ ಹೊಲದಿಂದ ನಿಮ್ಮ ಕುಡಿಯುವ ನೀರಿನ ಬೋರು ಎಷ್ಟು ದೂರ ಇದೆ? ಯಾರಾದರೂ ಆ ನೀರನ್ನು ಟೆಸ್ಟ್ ಮಾಡಿಸಿದ್ದೀರಾ?